ಕಟ್ಟೆಯ ಕಪ್ತಾನ

ಬಾದಾಮಿಗೂ ಸಮುದ್ರಕ್ಕೂ ನಡುವೆ ಸುಮಾರು ಇನ್ನೂರು ಕಿಲೋಮೀಟರ್ ನೆಲವಿದೆ, ಸಾಲದ್ದಕ್ಕೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ. ಊರೊಳಗಿನ ದೊಡ್ಡ ನೀರೆಂದರೆ ಅಗಸ್ತ್ಯತೀರ್ಥ; ಅಲ್ಲಿ ಬಟ್ಟೆ ಒಗೆಯಬಹುದು, ಯುದ್ಧನೌಕೆ ತಿರುಗಿಸಲಾಗದು. ಆದರೂ ಈ ಸೀಮೆಯಲ್ಲಿ ಕಪ್ತಾನರಿಗೆ ಬರವಿಲ್ಲ. ಬಾದಾಮಿಯ ಬಸ್ ನಿಲ್ದಾಣದ ಎದುರಿನ ಚಾದಂಗಡಿಯಲ್ಲಿ ಒಬ್ಬ, ಇಳಕಲ್ಲಿನ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ, ಹುನಗುಂದದ ಗುಡಿಕಟ್ಟೆಯ ಮೇಲೆ ಒಬ್ಬ, ಬಾಗಲಕೋಟೆಯ ನವನಗರಕ್ಕಂತೂ ಸೆಕ್ಟರಿಗೊಬ್ಬ. ಇವನಿಗೆ ಹೆಸರಿಡುವ ಅಗತ್ಯವಿಲ್ಲ. ಓದುಗರು ತಮ್ಮೂರಿನವನ ಹೆಸರನ್ನೇ ಹಾಕಿಕೊಳ್ಳಲಿ. ಕನ್ನಡಕ ಹಣೆಯ ಮೇಲೆ, ಮೊಬೈಲು ಅಂಗೈಯಲ್ಲಿ, ಒನ್ ಬೈ ಟು ಚಾದ ಅರ್ಧ ಲೋಟ ಪಕ್ಕದಲ್ಲಿ. ಜಗತ್ತಿನಲ್ಲಿ ಎಲ್ಲೇ ಏನೇ ಮುರಿದುಬಿದ್ದರೂ ಆ ಖಾತೆಯ ಅಧಿಕಾರ ಅಂದೇ ಇವನ ಕೈಗೆ ಬರುತ್ತದೆ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದಾಗ ಇವನು ಇಸ್ರೋ ಅಧ್ಯಕ್ಷನಾಗಿದ್ದ. 2020ರಲ್ಲಿ ಕಷಾಯದ ಪ್ರಮಾಣ ನಿಗದಿ ಮಾಡುವ ಮಹಾವೈದ್ಯನಾಗಿದ್ದ. ಐಪಿಎಲ್ ಬಂತೆಂದರೆ ಆರ್‌ಸಿಬಿಯ ಬೌಲಿಂಗ್ ಬದಲಾವಣೆ ಇವನದೇ ಹೊಣೆ. 2024ರ ಅಕ್ಟೋಬರಿನಲ್ಲಿ, ಬೇರೆ ದಾರಿಯಿಲ್ಲದೆ, ನೌಕಾಪಡೆಯನ್ನೂ ವಹಿಸಿಕೊಂಡ.

ಆ ತಿಂಗಳ 5ರ ಸಂಜೆ ನ್ಯೂಜಿಲೆಂಡ್ ನೌಕಾಪಡೆಯ ‘ಮನಾವನುಯಿ’ ಎಂಬ ಹಡಗು ಸಮೋವಾದ ಉಪೋಲು ದ್ವೀಪದ ದಕ್ಷಿಣ ತೀರದ ಹತ್ತಿರ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಮರುದಿನ ಬೆಳಿಗ್ಗೆ ಬೆಂಕಿ ಹತ್ತಿ, ಮಗುಚಿ, ಮುಳುಗಿಯೇ ಹೋಯಿತು. ಅದರ ಕೆಲಸವೇ ಸಮುದ್ರದ ತಳವನ್ನು ಅಳೆದು ನಕ್ಷೆ ಮಾಡುವುದು, ಮುಳುಗುಗಾರರನ್ನು ಇಳಿಸುವುದು. ಅಂದೂ ಆ ದಿಬ್ಬದ ಸರ್ವೆ ಮಾಡುತ್ತಿತ್ತು. ದಿಬ್ಬ ಎಲ್ಲಿದೆಯೆಂದು ಅಳೆಯಲು ಹೋದ ಹಡಗು ಅದನ್ನು ತೀರ ಹತ್ತಿರದಿಂದಲೇ ಅಳೆದುಬಿಟ್ಟಿತು. 2018ರಲ್ಲಿ 103 ದಶಲಕ್ಷ ನ್ಯೂಜಿಲೆಂಡ್ ಡಾಲರ್ ಕೊಟ್ಟು ಕೊಂಡಿದ್ದ ಹಡಗು ಅದು. ಎರಡನೆಯ ಮಹಾಯುದ್ಧದ ನಂತರ ಆ ದೇಶದ ನೌಕಾಪಡೆ ಸಮುದ್ರದಲ್ಲಿ ಕಳೆದುಕೊಂಡ ಮೊದಲ ನೌಕೆ. ಹಡಗಿನಲ್ಲಿದ್ದ 75 ಜನರೂ ಕತ್ತಲಲ್ಲಿ, ಗಾಳಿಯಲ್ಲಿ, ಜೀವರಕ್ಷಕ ದೋಣಿ ಹತ್ತಿ ಬದುಕಿ ಬಂದರು. ಕಟ್ಟೆಯ ಕಪ್ತಾನನ ಕಣ್ಣಿಗೆ ಇದರಲ್ಲಿ ಬಿದ್ದದ್ದು ಒಂದೇ ಸಂಗತಿ: ಹಡಗಿನ ಕಮಾಂಡರ್ ಇವೋನ್ ಗ್ರೇ ಹೆಣ್ಣುಮಗಳು. “ನೋಡ್ರಿ ಕಾಕಾ, ಹೆಣಮಕ್ಳ ಕೈಯಾಗ ಹಡಗ ಕೊಟ್ರ ಮತ್ತೇನ ಆಗತೈತಿ?” ವಿಚಾರಣೆ ಮುಗಿಯಿತು, ತೀರ್ಪು ಬಂತು, ಚಾ ಇನ್ನೂ ಆರಿರಲಿಲ್ಲ.

ಇವನೊಬ್ಬನನ್ನೇ ಹಳಿಯುವುದು ನ್ಯಾಯವಲ್ಲ. ಸಮುದ್ರದ ನಡುವೆಯೇ ಇರುವ ನ್ಯೂಜಿಲೆಂಡಿನಲ್ಲೂ ಇವನ ಅಣ್ಣತಮ್ಮಂದಿರು ಇದೇ ತೀರ್ಪನ್ನು ಇಷ್ಟೇ ವೇಗದಲ್ಲಿ ಕೊಟ್ಟರು. ಅಲ್ಲಿನ ಆಗಿನ ರಕ್ಷಣಾ ಸಚಿವೆ ಜುಡಿತ್ ಕಾಲಿನ್ಸ್ ಇಂಥವರನ್ನು ಕುರ್ಚಿಯಲ್ಲಿ ಕೂತ ಅಡ್ಮಿರಲ್‌ಗಳೆಂದು ಝಾಡಿಸಿ, ಕಪ್ತಾನರು ಹೆಣ್ಣೆಂಬುದಂತೂ ಕಾರಣವಲ್ಲ ಎಂದರು. ತನಿಖೆ ಮುಗಿಯುವ ಮೊದಲೇ ಸಚಿವೆಯೂ ತೀರ್ಪು ಕೊಟ್ಟರಲ್ಲ ಎಂದು ನಮ್ಮ ಕಪ್ತಾನ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ನವೆಂಬರ್ 29ರಂದು ಹೊರಬಿದ್ದ ಪ್ರಾಥಮಿಕ ವರದಿಯಲ್ಲಿತ್ತು. ಹಡಗು ಆಟೋಪೈಲಟ್‌ನಲ್ಲಿ ಇತ್ತು. ತಿರುಗಿಸಬೇಕಾದಾಗ ಅದನ್ನು ಬಿಡಿಸಿರಲಿಲ್ಲ. ಹಡಗು ಹೇಳಿದ ಮಾತು ಕೇಳದಿದ್ದಾಗ, ಅದನ್ನು ತಿರುಗಿಸುವ ಥ್ರಸ್ಟರ್ ಯಂತ್ರ ಕೆಟ್ಟಿದೆ ಎಂದೇ ಸಿಬ್ಬಂದಿ ನಂಬಿದರು. ಹಡಗು ಮಾತ್ರ ತನಗೆ ಹೇಳಿಟ್ಟ ದಿಕ್ಕನ್ನೇ ಹಿಡಿದು ನೆಲದ ಕಡೆ ನಿಷ್ಠೆಯಿಂದ ಸಾಗಿತು. ಈ ತಪ್ಪಿಗೆ ಮೀಸೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಂಡಿ ಒತ್ತಿದ ಬೆರಳಿಗೆ ಬಳೆಯ ಕೈಯೋ ಕಡಗದ ಕೈಯೋ ಎಂದು ಆಟೋಪೈಲಟ್ ವಿಚಾರಿಸುವುದಿಲ್ಲ.

ಹೆಣ್ಣೆಂಬುದೇ ಕಾರಣ ಎನ್ನುವವನು ಲೆಕ್ಕವನ್ನು ಎರಡೂ ಕಡೆ ಒಪ್ಪಿಸಬೇಕಲ್ಲ? 1989ರಲ್ಲಿ ಅಲಾಸ್ಕಾದ ಬ್ಲೈ ದಿಬ್ಬಕ್ಕೆ ಬಡಿದು ಕಡಲಿಗೆಲ್ಲ ಎಣ್ಣೆ ಸುರಿದ ‘ಎಕ್ಸಾನ್ ವಾಲ್ಡೆಜ್’, 2012ರಲ್ಲಿ ಇಟಲಿಯ ತೀರದಲ್ಲಿ ಬಂಡೆಗೆ ಹೊಟ್ಟೆ ಸೀಳಿಕೊಂಡ ‘ಕೋಸ್ಟಾ ಕಾನ್ಕಾರ್ಡಿಯಾ’, 2013ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ಟುಬ್ಬಟಾಹಾ ಹವಳದ ಮೇಲೆ ಹತ್ತಿ ಕೂತ ಅಮೆರಿಕದ ‘ಗಾರ್ಡಿಯನ್’: ಮೂರರ ಕಪ್ತಾನರೂ ಗಂಡಸರು. ಆಗ ಯಾವ ಕಟ್ಟೆಯ ಮೇಲೂ “ಗಂಡಸರ ಕೈಯಾಗ ಹಡಗ ಕೊಟ್ರ” ಎಂಬ ಮಾತು ಹುಟ್ಟಲಿಲ್ಲ. ಗಂಡಸು ಮುಳುಗಿಸಿದರೆ ಅದು ಒಬ್ಬನ ತಪ್ಪು, ಹೆಂಗಸು ಮುಳುಗಿಸಿದರೆ ಅರ್ಧ ಮನುಕುಲದ ತಪ್ಪು ಎಂಬುದು ಈ ಲೆಕ್ಕದ ಸೂತ್ರ. ಇನ್ನೊಂದು ಕಡೆಯ ಲೆಕ್ಕವೂ ಇದೆ. ಮನಾವನುಯಿ ದಿಬ್ಬಕ್ಕೆ ಬಡಿಯುವುದಕ್ಕೆ ಮೂರು ದಿನ ಮೊದಲು, ಅಕ್ಟೋಬರ್ 2ರಂದು, ಭಾರತೀಯ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ನ್ಯೂಜಿಲೆಂಡಿನ ಲಿಟಲ್ಟನ್ ಬಂದರಿಗೂ ಹೋಗಿ, ದಕ್ಷಿಣದ ಬಿರುಗಾಳಿ ದಾಟಿ, ಭೂಮಿಯನ್ನು ಸುತ್ತಿ, 2025ರ ಮೇ ಕೊನೆಗೆ ಗೋವಾಕ್ಕೇ ಮರಳಿದರು. ಮಿರ್ಚಿ, ಮಂಡಕ್ಕಿ, ಮನೆಯ ಹಾದಿ ಯಾವುದೂ ಇಲ್ಲದ ಎಂಟು ತಿಂಗಳು. ಈ ಸುದ್ದಿ ಬಂದಾಗ ಕಪ್ತಾನ ಒಂದು ಕ್ಷಣ ಮೊಬೈಲು ನೋಡಿ ಮುಂದಕ್ಕೆ ತಳ್ಳಿದ. ಸುಖವಾಗಿ ದಡ ಸೇರಿದ ದೋಣಿಯಲ್ಲಿ ಇವನಿಗೇನು ಕೆಲಸ?

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ತಪ್ಪು ಮನುಷ್ಯರದೇ ಎಂದು ವರದಿಯೂ ಹೇಳಿತಲ್ಲ, ಹಾಗಾದರೆ ಕಪ್ತಾನ ಹೇಳಿದ್ದು ನಿಜವಾಯಿತಲ್ಲ? ಆಗಲಿಲ್ಲ. ಹಡಗು ಮುಳುಗಿದರೆ ಯಾರೋ ಎಲ್ಲೋ ತಪ್ಪಿರುತ್ತಾರೆ ಎನ್ನುವುದಕ್ಕೆ ತಿಳಿವಳಿಕೆ ಬೇಕಿಲ್ಲ. ತಿಳಿವಳಿಕೆ ಬೇಕಾಗುವುದು ಯಾವ ತಪ್ಪು, ಅದರ ಹಿಂದೆ ಇನ್ನೆಷ್ಟು ತಪ್ಪುಗಳ ಸಾಲು ನಿಂತಿತ್ತು ಎಂದು ಹೇಳಲು. 2025ರ ಏಪ್ರಿಲ್‌ನಲ್ಲಿ ಪೂರ್ಣ ವರದಿ ಬಂದಾಗ ಆ ಸಾಲು ಕಂಡಿತು: ತರಬೇತಿಯಲ್ಲಿ ಕೊರತೆ, ಅನುಭವದಲ್ಲಿ ಕೊರತೆ, ಮೇಲ್ವಿಚಾರಣೆಯಲ್ಲಿ ಕೊರತೆ, ಯೋಜನೆಯಲ್ಲೂ ಅಪಾಯದ ಅಂದಾಜಿನಲ್ಲೂ ಕೊರತೆ. ಅಂದರೆ ದೋಷ ಹಡಗಿನ ಮೇಲ್ಗಟ್ಟೆಯಲ್ಲಷ್ಟೇ ಅಲ್ಲ, ದಡದ ಕಚೇರಿಗಳಲ್ಲೂ ಇತ್ತು. ‘ಗಾರ್ಡಿಯನ್’ ಕಥೆಯೂ ಹೀಗೆಯೇ. ಅದು ನಂಬಿದ್ದ ಡಿಜಿಟಲ್ ನಕ್ಷೆ ಟುಬ್ಬಟಾಹಾ ದಿಬ್ಬವನ್ನು ಸುಮಾರು ಎಂಟು ನಾಟಿಕಲ್ ಮೈಲಿ ಆಚೆ ತೋರಿಸುತ್ತಿತ್ತು. ಆದರೂ ಅಮೆರಿಕದ ನೌಕಾಪಡೆ ಕಪ್ತಾನನನ್ನು ಬಿಡಲಿಲ್ಲ, ಕಣ್ಣೆದುರಿನ ಬೇರೆ ಸೂಚನೆಗಳನ್ನು ಕಡೆಗಣಿಸಿದ್ದೇಕೆ ಎಂದು ಅವನನ್ನು ಹುದ್ದೆಯಿಂದ ಇಳಿಸಿತು. ನಕ್ಷೆಯೂ ತಪ್ಪು, ನಕ್ಷೆಯೊಂದನ್ನೇ ನಂಬಿದ್ದೂ ತಪ್ಪು. ಇಂಥ ಎರಡು ತುದಿಯ ಸತ್ಯ ಕಟ್ಟೆಯ ಮೇಲೆ ನಿಲ್ಲುವುದಿಲ್ಲ. ಅಲ್ಲಿ ಒಬ್ಬನೇ ಕಳ್ಳ ಬೇಕು, ಅವನೂ ಚಾ ಮುಗಿಯುವುದರೊಳಗೆ ಸಿಗಬೇಕು. ಏಪ್ರಿಲ್‌ನ ವರದಿಯನ್ನು ಕಪ್ತಾನ ಓದಲಿಲ್ಲವೆಂದು ದೂರುವಂತೆಯೂ ಇಲ್ಲ. ಅಷ್ಟೊತ್ತಿಗೆ ಐಪಿಎಲ್ ಶುರುವಾಗಿತ್ತು, ಅವನು ಹಡಗು ಇಳಿದು ಆರ್‌ಸಿಬಿಗೆ ಮರಳಿದ್ದ.

ಹಾಗಾದರೆ ಜನ ಬಾಯಿ ಮುಚ್ಚಿಕೊಂಡಿರಬೇಕೆ, ನೌಕಾಪಡೆ ಹೇಳಿದ್ದೇ ವೇದವೆ ಎಂಬುದು ಎರಡನೆಯ ಆಕ್ಷೇಪ, ಮೊದಲನೆಯದಕ್ಕಿಂತ ದೊಡ್ಡದು. ಇದಕ್ಕೆ ಉತ್ತರ ನಮ್ಮ ಕರಾವಳಿಯಲ್ಲೇ ಇದೆ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯ ಸಂಪರ್ಕ 15ರ ರಾತ್ರಿಯ ನಂತರ ಕಡಿದುಹೋಯಿತು. ವಾರಗಳು ಕಳೆದರೂ ಸುಳಿವಿಲ್ಲ. 2019ರ ಜನವರಿ 6ರಂದು ಉಡುಪಿಯಲ್ಲಿ ಸಾವಿರಾರು ಮೀನುಗಾರರು ಸೇರಿ ಹೆದ್ದಾರಿ 66ನ್ನು ತಡೆದರು. ಅವರು ಕೇಳಿದ್ದು ಪ್ರಶ್ನೆ: ನಮ್ಮವರೆಲ್ಲಿ, ಹುಡುಕುತ್ತಿರುವವರು ಯಾರು, ಎಲ್ಲಿ ಹುಡುಕುತ್ತಿದ್ದೀರಿ? ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಮಹಾರಾಷ್ಟ್ರದ ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ದೋಣಿಯ ಅವಶೇಷ ಕಂಡಿತು. ಅಪಹರಣವಂತೆ, ಶತ್ರುದೇಶವಂತೆ ಎಂದು ಈ ನಡುವೆ ಉತ್ತರ ಹಂಚಿದವರು ಬೇರೆ. ಅವರಿಗೆ ಮಲ್ಪೆಯಲ್ಲಿ ಕಾಯುತ್ತಿದ್ದ ಮನೆ ಇರಲಿಲ್ಲ. ವ್ಯತ್ಯಾಸ ಇಷ್ಟೇ. ನಷ್ಟ ಅನುಭವಿಸಿದವನು ಪ್ರಶ್ನೆ ಕೇಳುತ್ತಾನೆ, ಏಕೆಂದರೆ ಅವನಿಗೆ ಉತ್ತರ ಬೇಕು. ಕಟ್ಟೆಯ ಕಪ್ತಾನ ಉತ್ತರ ಕೊಡುತ್ತಾನೆ, ಏಕೆಂದರೆ ಅವನಿಗೆ ಕೇಳುವವರು ಬೇಕು. ಸಮೋವಾದ ತೀರದ ಮೀನುಗಾರರು ತಮ್ಮ ಹವಳಕ್ಕೂ ಮೀನಿಗೂ ಏನಾಗುತ್ತದೆಂದು ಕೇಳಿದ್ದು ಮೊದಲನೆಯ ಜಾತಿ. ಪ್ರಜಾಪ್ರಭುತ್ವ ನಡೆಯುವುದು ಈ ಜಾತಿಯ ಗದ್ದಲದಿಂದಲೇ.

ಮೂರನೆಯ ಆಕ್ಷೇಪ ಕಪ್ತಾನನ ಸ್ವಂತದ್ದು. “ಸಮುದ್ರ ನಮಗ ಹೊಸದೇನಲ್ಲರಿ ಅಣ್ಣಾರ, ನಮ್ಮ ಪುಲಿಕೇಶಿ ನೂರಾರು ಹಡಗ ತಗೊಂಡ ಹೋಗಿದ್ದ!” ಇದು ನಿಜ, ಅವನ ಬಾಯಲ್ಲಿ ನಿಜ ಬಂದಾಗ ಒಪ್ಪಬೇಕು. ಕ್ರಿ.ಶ. 634ರಲ್ಲಿ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಕೆತ್ತಿಸಿದ ಶಾಸನದಲ್ಲಿ, ಇಮ್ಮಡಿ ಪುಲಿಕೇಶಿ ನೂರಾರು ನಾವೆಗಳೊಂದಿಗೆ ಪಶ್ಚಿಮ ಸಮುದ್ರದ ಪುರಿ ಪಟ್ಟಣವನ್ನು ಮುತ್ತಿದ ವರ್ಣನೆ ಇದೆ. ಅದು ಮುಂಬಯಿ ಬಳಿಯ ಘಾರಾಪುರಿ ಇರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಆದರೆ ಆ ಶಾಸನದಲ್ಲಿ ಮುಳುಗಿದ ಒಂದು ಹಡಗಿನ ಲೆಕ್ಕವೂ ಇಲ್ಲ. ಪ್ರಶಸ್ತಿ ಬರೆಯುವವರು ನಷ್ಟ ಬರೆಯುವುದಿಲ್ಲ. 642ರಲ್ಲಿ ಬಾದಾಮಿಯೇ ಪಲ್ಲವ ನರಸಿಂಹವರ್ಮನ ಕೈಗೆ ಬಿದ್ದಾಗ ಆ ಸುದ್ದಿಯನ್ನು ಇದೇ ಊರಿನ ಬಂಡೆಯ ಮೇಲೆ ಕೆತ್ತಿಸಿದವನು ಗೆದ್ದವನು, ಸೋತವರಲ್ಲ. ತನ್ನ ಸೋಲನ್ನು ತಾನೇ ಬರೆದು ಬಯಲಿಗಿಡುವ ರಾಜ್ಯ ಅಂದೂ ಅಪರೂಪ, ಇಂದೂ ಅಪರೂಪ. ಎರಡು ತಿಂಗಳು ಕಳೆಯುವುದರೊಳಗೆ ‘ತಪ್ಪು ನಮ್ಮದೇ’ ಎಂದು ಪ್ರಕಟಿಸಿದ ನ್ಯೂಜಿಲೆಂಡ್ ನೌಕಾಪಡೆಗೆ ಕಟ್ಟೆಯಿಂದ ಸಿಕ್ಕಿದ್ದು ನಗೆ. “ಎಲ್ಲಾ ಮುಚ್ಚಿಹಾಕ್ತಾರ” ಎಂದು ವರ್ಷವಿಡೀ ದೂರುವ ನಾವು ಮುಚ್ಚದೆ ಇಟ್ಟದ್ದನ್ನು ಓದದಿದ್ದರೆ, ನಾಳೆ ಮುಚ್ಚುವವರಿಗೆ ನಾವೇ ಅಪ್ಪಣೆ ಕೊಟ್ಟಂತೆ.

ಇದೆಲ್ಲ ಹೊತ್ತು ಹೋಗದವರ ಮಾತು, ಯಾರಿಗೇನು ನಷ್ಟ ಎನ್ನುವವರಿಗೆ ಕಡೆಯ ಉತ್ತರ. ಹಡಗು ಮುಳುಗಿದ ವಾರದಲ್ಲಿ ನ್ಯೂಜಿಲೆಂಡಿನ ಬೀದಿಗಳಲ್ಲಿ ಸಮವಸ್ತ್ರದಲ್ಲಿದ್ದ ಹೆಣ್ಣುಮಕ್ಕಳಿಗೆ ಬೈಗುಳ ಬಿದ್ದವು. ಅವರಿಗೂ ಆ ಹಡಗಿಗೂ ಸಂಬಂಧವಿರಲಿಲ್ಲ. ನಮ್ಮಲ್ಲಿ ನಷ್ಟ ಇನ್ನೂ ಸದ್ದಿಲ್ಲದ್ದು. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ. ನೌಕಾಪಡೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆಯ ಹಕ್ಕನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಆ ಶಾಲೆಯ ಅರ್ಜಿ ತುಂಬಬೇಕೋ ಬೇಡವೋ ಎಂದು ಯೋಚಿಸುವ ಅಪ್ಪ ಅರ್ಜಿ ತರುವ ದಾರಿಯಲ್ಲಿ ಚಾ ಕುಡಿಯಲು ಕೂರುವುದು ಇದೇ ಕಪ್ತಾನನ ಎದುರಿಗೆ. ಇನ್ನೊಂದು ನಷ್ಟ ಊರಿನದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಹೊಳೆದಂಡೆಯ ಹಳ್ಳಿಗಳಿಗೂ ನುಗ್ಗಿತು. ಆ ನೀರು ಸಮೋವಾದಲ್ಲಿಲ್ಲ, ತಾಲ್ಲೂಕಿನಲ್ಲೇ ಇದೆ. ಅದರ ಬಗ್ಗೆ ಕೇಳಲು ತಾಲ್ಲೂಕು ಕಚೇರಿ ಇದೆ, ಗ್ರಾಮಸಭೆ ಇದೆ. ಮುಂದಿನ ಪ್ರವಾಹಕ್ಕೆ ಏನು ಸಿದ್ಧತೆ ಎಂದು ಕೇಳಿ ನೋಡಿ, ಕಪ್ತಾನ ಚಪ್ಪಲಿ ಹುಡುಕುತ್ತಾನೆ: “ಅದು ದೊಡ್ಡವರ ವಿಷಯ ಬಿಡ್ರಿ, ನಮಗ್ಯಾಕ.” ಜವಾಬ್ದಾರಿ ದೂರವಿದ್ದಷ್ಟೂ ಖಾತ್ರಿ ಹೆಚ್ಚು, ಹತ್ತಿರ ಬಂದಷ್ಟೂ ಮೌನ ಹೆಚ್ಚು. ಅವನ ಇಡೀ ನೌಕಾಶಾಸ್ತ್ರ ಇಷ್ಟೇ.

ಆದ್ದರಿಂದ ಕಪ್ತಾನನನ್ನು ಕಟ್ಟೆಯಿಂದ ಇಳಿಸುವುದು ಬೇಡ. ಅವನಿಲ್ಲದಿದ್ದರೆ ಚಾ ಸಪ್ಪೆ. ಮುಂದಿನ ಹಡಗು ಮುಳುಗಿದಾಗ, ವಿಮಾನ ಬಿದ್ದಾಗ, ಸೇತುವೆ ಕುಸಿದಾಗ ಅವನ ಮುಂದೆ ಒಂದು ಸವಾಲಿಡಿ, ಮರ್ಯಾದೆಯಿಂದಲೇ ಇಡಿ: “ಇದು ನಿಮಗ ಹೆಂಗ ಗೊತ್ತಾತ್ರಿ, ಕಾಕಾ?” ನಮ್ಮೊಳಗೂ ಒಬ್ಬ ಚಿಕ್ಕ ಕಪ್ತಾನ ಕೂತಿರುತ್ತಾನೆ, ಅವನಿಗೂ ಅದನ್ನೇ ಕೇಳಿ. ವರದಿ ಬರುವವರೆಗೆ ಪ್ರಶ್ನೆ ಕೇಳೋಣ, ಬಂದಮೇಲೆ ಓದೋಣ, ಬೈಯುವುದಿದ್ದರೆ ಓದಿದ ಮೇಲೆ ಬೈಯೋಣ.