ತಂತಿಗೆ ಚುಚ್ಚಿದ ಚೀಟಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಸೊಂಟದೆತ್ತರದ ದಾಸವಾಳದ ಬೇಲಿ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಅಲ್ಲೊಂದು ಗಳಿಗೆ ನಿಂತು ಮಾತಾಡದಿದ್ದರೆ ನನಗೆ ಕಾಫಿ ಕುಡಿದಂತೆಯೇ ಆಗುವುದಿಲ್ಲ. ಆಚೆ ಮನೆಯಾಕೆ ಹೊಲಿಗೆ ಕೆಲಸದವಳು. ಗಂಡ ಲಗೇಜ್ ಆಟೋ ಓಡಿಸುತ್ತಾನೆ. ಎಚ್.ಡಿ. ಕೋಟೆ ತಾಲ್ಲೂಕಿನ ನಮ್ಮ ಹಂಪಾಪುರದ ಅರ್ಧ ಊರಿನ ರವಿಕೆಗಳು ಆಕೆಯ ಮಿಷಿನ್ನಿನ ಕೆಳಗೆ ಹಾದುಹೋಗಿವೆ. ಮೊನ್ನೆ ಸೋಮವಾರ ಬಕೆಟ್ಟಿನ ತುಂಬ ಹಿಂಡಿದ ಬಟ್ಟೆ ಇಟ್ಟುಕೊಂಡು, ಒಂದನ್ನೂ ಹರವದೆ ಸುಮ್ಮನೆ ನಿಂತಿದ್ದಳು.

"ಏನವ್ವ, ಮೈಗೆ ಹುಷಾರಿಲ್ವಾ?" ಅಂದೆ.

"ಮೈ ಚೆನ್ನಾಗೈತೆ ಮೇಷ್ಟ್ರೆ. ಬಾಡಿಗೆ ಬರೋ ತಿಂಗಳಿಂದ ಆರು ಸಾವ್ರ ಅಂತೆ. ಆಗಕಿಲ್ಲ ಅಂದ್ರೆ ಭಾನ್ವಾರದೊಳಗೆ ಖಾಲಿ ಮಾಡಿ ಅಂದ್ಬುಟ್ರು."

"ಈಗೆಷ್ಟು ಕೊಡ್ತಿದ್ದೀಯ?"

"ನಾಕು. ಕಬಿನಿ ಕಡೆ ರೆಸಾರ್ಟಲ್ಲಿ ಕೆಲ್ಸ ಮಾಡೋ ಹುಡುಗ್ರು ನಾಕು ಜನ ಸೇರ್ಕಂಡು ಆರು ಕೊಡ್ತೀವಿ ಅಂದವ್ರಂತೆ. ಅವರದೇ ಮನೆ, ನಾವೇನು ಹೇಳಕಾಯ್ತದೆ ಬುಡಿ."

ಈ "ಏನು ಹೇಳಕಾಯ್ತದೆ" ಅನ್ನುವ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನು; ಬೇಲಿಯಾಚೆ ನಿಂತವಳಿಗೆ ನಾಲ್ಕು ಮಾತು ಹೇಳದಿದ್ದರೆ ಹೇಗೆ? ಹಾಲಿನ ಕ್ಯಾನನ್ನು ಬೇಲಿಯ ಬುಡದಲ್ಲಿಟ್ಟೆ.

"ಕಾಗದ ಏನಾದ್ರೂ ಐತಾ?"

ಐದು ವರ್ಷದ ಹಿಂದೆ ಒಂದು ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆದಿದ್ದರಂತೆ. ಅದು ಮುಗಿದ ಮೇಲೆ ಹೊಸದು ಬರೆಯಲಿಲ್ಲ. ಅಡ್ವಾನ್ಸ್ ಮೂವತ್ತು ಸಾವಿರ ಕೊಟ್ಟದ್ದಕ್ಕೆ ಅದರಲ್ಲಿ ಒಂದು ಸಾಲಿದೆ, ಆದರೆ ಆ ಕಾಗದ ಇರುವುದು ಓನರ್ ಮನೆಯ ಬೀರುವಿನಲ್ಲಿ. ತಿಂಗಳ ಬಾಡಿಗೆಗೆ ರಸೀದಿ ಇಲ್ಲ. ಫೋನ್‌ಪೇ ಮಾಡ್ತೀನಿ ಅಂದರೆ "ಬೇಡ, ಕೈಗೇ ಕೊಡು" ಅನ್ನುತ್ತಾರಂತೆ. ಕೇಳಲು ಸಂಕೋಚ. "ಒಳ್ಳೆ ಜನ ಮೇಷ್ಟ್ರೆ, ಮಗೀಗೆ ಜ್ವರ ಬಂದಾಗ ಅವರ ಕಾರಲ್ಲೇ ಕೋಟೆ ಆಸ್ಪತ್ರೆಗೆ ಕರ್ಕೊಂಡೋಗಿದ್ರು. ರಸೀದಿ ಕೊಡಿ ಅಂತ ಎಂಗೆ ಕೇಳದು?"

ಒಳ್ಳೆಯ ಜನ ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಐದು ವರ್ಷ ಒಂದು ಮನೆಯಲ್ಲಿ ಬಾಳಿದ ಹೆಣ್ಣುಮಗಳಿಗೆ ಆರು ದಿನದಲ್ಲಿ ಹೊರಡು ಅನ್ನುವುದು ಸರಿಯಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ. ಆಕೆಗೆ ನಾನು ಹೇಳಿದ್ದು ಇಷ್ಟು. ಕರಾರು ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಬಂದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಬಿಡಿಸಬೇಕಾದರೆ ಕಡೇಪಕ್ಷ ಹದಿನೈದು ದಿನದ ನೋಟಿಸ್ ಕೊಡಬೇಕು, ಬರವಣಿಗೆಯಲ್ಲಿ, ಸಹಿ ಹಾಕಿ. ಬಾಯಿಮಾತಿನಲ್ಲಿ ಅಂಗಳದಲ್ಲಿ ನಿಂತು ಹೇಳಿದ್ದು ನೋಟಿಸ್ ಅಲ್ಲ. ಬಾಡಿಗೆ ಅನ್ನುವುದು ಇಬ್ಬರೂ ಒಪ್ಪಿದ ಮೊತ್ತ. ಒಬ್ಬರೇ ನಿಂತ ಕಾಲಲ್ಲಿ ಏರಿಸಿದರೆ ಅದು ಬಾಡಿಗೆಯಾಗುವುದಿಲ್ಲ. ಒಪ್ಪಿಗೆಯಾಗದಿದ್ದರೆ ಅವರು ನೋಟಿಸ್ ಕೊಟ್ಟು, ಆಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ದಾರಿ ಅದೊಂದೇ.

"ಬೀಗ ಹಾಕ್ಬುಟ್ರೆ?"

ಅವಳ ನಿಜವಾದ ಭಯ ಇದು. ಮಿಷಿನ್ ಒಳಗಿರುತ್ತದೆ, ಮದುವೆಗೆಂದು ಕೊಟ್ಟ ಜನರ ಬಟ್ಟೆ ಒಳಗಿರುತ್ತದೆ. ಬೀಗ ಬಿದ್ದರೆ ಊರಿನವರ ಮುಖ ನೋಡುವ ಹಾಗಿಲ್ಲ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ಪ್ರಕರಣದಲ್ಲಿ, 2003ರ ಡಿಸೆಂಬರಿನಲ್ಲಿ ತೀರ್ಪು ಬಂತು: ನೆಲೆ ನಿಂತು ಸ್ವಾಧೀನದಲ್ಲಿರುವವರನ್ನು ಆಸ್ತಿಯ ಮಾಲೀಕನಾದರೂ ಬಲವಂತದಿಂದ ಹೊರಹಾಕುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು. ಹಾಗೆ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಹೋಗುವ ಹಕ್ಕನ್ನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಕೊಡುತ್ತದೆ. ದಾವೆಗೆ ದುಡ್ಡೆಲ್ಲಿ ಅಂದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು, ಇಲ್ಲವೇ 15100ಕ್ಕೆ ಫೋನು ಮಾಡಬೇಕು. ಇದನ್ನು ಹೇಳುವಾಗ ಆಕೆ ಒಂದು ಲಂಗ ತೆಗೆದು ತಂತಿಗೆ ಹರವಿದಳು. ಸ್ವಲ್ಪ ಧೈರ್ಯ ಬಂತು ಅಂದುಕೊಂಡೆ.

"ಬಾಡಿಗೆ ಇಷ್ಟೇ ಏರಿಸ್ಬೇಕು ಅಂತ ಸರ್ಕಾರ ಏನೂ ಮಾಡಿಲ್ವಾ ಮೇಷ್ಟ್ರೆ?"

ಮಾಡಿತ್ತು. ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲಕ್ಕೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಕರಿಗೆ ತಿಳಿಸಬೇಕಿತ್ತು. ವಠಾರದ ಮನೆಯಲ್ಲಿ ಹತ್ತಾರು ವರ್ಷ ಅದೇ ಬಾಡಿಗೆಗೆ ಇದ್ದವರನ್ನು ನೋಡಿದ್ದೇನೆ. ಆ ಬಾಡಿಗೆಯಲ್ಲಿ ಮನೆಗೆ ಸುಣ್ಣ ಹೊಡೆಸಲೂ ಆಗದೆ ಕೊರಗುತ್ತಿದ್ದ ಮಾಲೀಕರನ್ನೂ ನೋಡಿದ್ದೇನೆ. ಆಮೇಲೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು, 2001ರ ಡಿಸೆಂಬರ್ 31ರಿಂದ ಜಾರಿಗೆ. ಅದು ಪಟ್ಟಿಯಲ್ಲಿ ಹೆಸರಿಸಿದ ಪ್ರದೇಶಗಳಿಗೆ ಮಾತ್ರ. ಅಲ್ಲೂ ಬಾಡಿಗೆ ಬೆಂಗಳೂರಿನಂಥ ಕಡೆ 3,500, ಮಿಕ್ಕ ಕಡೆ 2,000 ರೂಪಾಯಿ ದಾಟಿದರೆ ಅದರ ರಕ್ಷಣೆ ಇಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಲೆಕ್ಕ ಇದು. ಇವತ್ತು ಹಳ್ಳಿಯಲ್ಲಿ ಎರಡು ಕೋಣೆಯ ಮನೆಗೇ ನಾಲ್ಕು ಸಾವಿರ! ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಏರಿಸಬೇಕಾದರೆ ಮೂರು ತಿಂಗಳ ಮೊದಲೇ ತಿಳಿಸಬೇಕು, ನೀರು ಕರೆಂಟು ಕಡಿಯಬಾರದು ಅಂತೆಲ್ಲ ಅದರಲ್ಲಿದೆ. ಮಾದರಿ ಅಂದರೆ ಮಾದರಿಯೇ. ರಾಜ್ಯಗಳು ತಾವೇ ಕಾಯ್ದೆ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಹಾಗಾಗಿ ಆರು ಸಾವಿರ ಹೆಚ್ಚಾಯಿತು ಅಂತ ದೂರು ಕೊಡಲು ನಮ್ಮೂರಿನವರಿಗೆ ಬಾಗಿಲಿಲ್ಲ. ಆಕೆಗೆ ಅದನ್ನು ಮುಚ್ಚಿಡಲಿಲ್ಲ. ಕೈಯಲ್ಲಿರುವುದು ನೋಟಿಸಿನ ಹಕ್ಕು, ಮಾತುಕತೆಗೆ ಸಿಗುವ ಕಾಲಾವಕಾಶ, ಬರೆದಿಟ್ಟ ಕಾಗದ.

ಕಾಗದ ಅಂದಾಗ ನನ್ನ ಗಂಟಲು ಕಟ್ಟುತ್ತದೆ. ಯಾಕೆ ಅಂತ ಆಕೆಗೂ ಹೇಳಿದೆ.

ಆಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರು ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅನ್ನುವ ಮಾತು ಊರೂರಿನ ಬಾಯಲ್ಲಿತ್ತು. ಗುತ್ತಿಗೆಗೋ ವಾರಕ್ಕೋ ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಕೊಟ್ಟರೆ, ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಜಮೀನನ್ನು ಅವನ ಹೆಸರಿಗೆ ಮಾಡುತ್ತಿತ್ತು. ಮೊದಮೊದಲು ಆ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಬಡವ ತಾನೇ ನಿಂತು ಹೇಳಿಕೊಳ್ಳಲಿ ಅಂತ. ಆಗ ನಾನು ಹೈಸ್ಕೂಲು ಹುಡುಗ. ಅಕ್ಷರ ದುಂಡಗಿತ್ತು. ಶಾಲೆಯ ಜಗಲಿಯ ಮೇಲೆ ಕೂತು ಎಷ್ಟೋ ಜನರಿಗೆ ಫಾರಂ ಬರೆದುಕೊಟ್ಟೆ. ಸರ್ವೆ ನಂಬರ್, ಚೆಕ್ಕುಬಂದಿ, ಎಷ್ಟು ವರ್ಷದಿಂದ ಉಳುತ್ತಿದ್ದೀಯ, ಏನು ಕೊಡುತ್ತಿದ್ದೀಯ. ಹೆಬ್ಬೆಟ್ಟು ಒತ್ತಿ ಶಾಯಿಯನ್ನು ತಲೆಗೆ ಒರೆಸಿಕೊಂಡು ಹೋಗುತ್ತಿದ್ದರು.

ನಮ್ಮಪ್ಪನಿಗೆ ಮಾತ್ರ ಬರೆಯಲಿಲ್ಲ.

ಅಪ್ಪ ಎರಡು ಎಕರೆ ವಾರಕ್ಕೆ ಮಾಡುತ್ತಿದ್ದ. ಪ್ರತಿ ವರ್ಷ ಕಣ ಮುಗಿದ ಮೇಲೆ ಅರ್ಧ ರಾಗಿಯನ್ನು ಗಾಡಿಯಲ್ಲಿ ಹೇರಿಕೊಂಡು ಯಜಮಾನರ ಮನೆಗೆ ಹಾಕಿ, ಅಲ್ಲಿ ಊಟ ಮಾಡಿ, ಎಲೆಅಡಿಕೆ ತೆಗೆದುಕೊಂಡು ಬರುತ್ತಿದ್ದ. ಚೀಟಿ ಎಂದೂ ಕೇಳಲಿಲ್ಲ. ಪಹಣಿಯ ಸಾಗುವಳಿ ಕಾಲಮ್ಮಿನಲ್ಲೂ ಅಪ್ಪನ ಹೆಸರಿರಲಿಲ್ಲ. ಯಜಮಾನರು "ನೀನು ನಮ್ಮನೆ ಮಗ ಇದ್ದಂಗೆ, ನಿಂಗ್ಯಾಕಪ್ಪ ಫಾರಂ" ಅಂದರು. ಅಪ್ಪ ಆ ಮಾತಿಗೆ ಕಟ್ಟುಬಿದ್ದ. ಕೊನೆಯ ಗಡುವು 1979ರ ಜೂನ್ 30, ಅದೂ ದಾಟಿತು. ಮೂರು ವರ್ಷದ ಮೇಲೆ ಜಮೀನು ಬೇರೆಯವರ ಪಾಲಾಯಿತು. ಯಜಮಾನರು ಕೆಟ್ಟವರು ಅಂತ ನಾನು ಇವತ್ತಿಗೂ ಹೇಳುವುದಿಲ್ಲ, ಅವರ ಮನೆಯಲ್ಲೂ ಕಷ್ಟವಿತ್ತು. ಆದರೆ ಅಪ್ಪ ಸಾಯುವವರೆಗೂ ಆ ಹೊಲದ ಬದುವಿನ ಮೇಲೆ ನಡೆಯಲಿಲ್ಲ, ಸುತ್ತಿ ಬರುತ್ತಿದ್ದ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಇತ್ತು.

ಆ ಕಾಲದ ಭಯ ಜಮೀನು ಕೊಟ್ಟವರ ಎದೆಯಲ್ಲಿ ಇನ್ನೂ ಇದೆ. ಅದೇ ತಿದ್ದುಪಡಿ ಕೃಷಿಭೂಮಿಯನ್ನು ಗುತ್ತಿಗೆಗೆ ಕೊಡುವುದನ್ನೇ, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸಿತು. ಈಗ ನಮ್ಮ ಕೋಟೆ ತಾಲ್ಲೂಕಿನಲ್ಲಿ ಕೇರಳದಿಂದ ಬಂದವರು ಶುಂಠಿ ಬೆಳೆಯಲು ಹೊಲ ಹಿಡಿಯುತ್ತಾರಲ್ಲ, ಆ ವ್ಯವಹಾರವೆಲ್ಲ ನಂಬಿಕೆಯ ಮೇಲೇ ನಡೆಯುತ್ತದೆ. ಬೆಲೆ ಬಿದ್ದ ವರ್ಷ ಹಿಡಿದವನು ಬಾಕಿ ಬಿಟ್ಟು ಹೋದರೆ ಹೊಲದವನಿಗೆ ತೋರಿಸಲು ಏನೂ ಇರುವುದಿಲ್ಲ. ಮನೆ ಬಾಡಿಗೆಗೆ ಕೊಡುವವರಿಗೂ ಅದೇ ಭಯ ಅಂಟಿದೆ. ರಸೀದಿ ಕೊಟ್ಟರೆ ಮನೆ ಅವರದಾಗಿಬಿಡುತ್ತದೆ, ಹನ್ನೆರಡು ವರ್ಷ ಇದ್ದರೆ ಹಕ್ಕು ಬಂದುಬಿಡುತ್ತದೆ ಅಂತ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸುತ್ತೇವೆ ಅಂದಾಗ ಬೇಡ ಅಂದ ಓನರುಗಳು ಎಷ್ಟು ಜನ! ಮನೆ ಬಿಡುವಾಗ ಆ ಜೋಡಣೆ ತೆಗೆಸಬಹುದು. ಅದರಿಂದ ಮನೆಯ ಒಂದು ಇಟ್ಟಿಗೆಯೂ ಯಾರದೂ ಆಗುವುದಿಲ್ಲ.

ಹನ್ನೊಂದು ತಿಂಗಳ ಕರಾರು ಬಂದದ್ದೂ ಆ ಹನ್ನೆರಡು ವರ್ಷದ ಭಯದಿಂದಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಆ ಖರ್ಚು ಉಳಿಸಲು ಹನ್ನೊಂದು. ಬಾಡಿಗೆದಾರ ಅಂತ ಒಪ್ಪಿಕೊಂಡು ಒಳಗೆ ಬಂದವನು ಆಮೇಲೆ ಮನೆ ನನ್ನದೇ ಅನ್ನುವಂತಿಲ್ಲ. ಹಾಗೆ ನೋಡಿದರೆ ಪ್ರತಿ ತಿಂಗಳ ರಸೀದಿಯೂ "ಇದು ನಿಮ್ಮ ಮನೆ, ನಾನು ಬಾಡಿಗೆಯವಳು" ಅಂತ ಆಕೆ ಬರೆದುಕೊಟ್ಟ ಹಾಗೆ. ಆ ಕಾಗದದಿಂದ ಓನರಿಗೇ ಹೆಚ್ಚು ಬಲ. ಇದನ್ನು ನಮ್ಮ ಜನಕ್ಕೆ ಯಾರೂ ಕೂರಿಸಿ ಹೇಳಲಿಲ್ಲವಲ್ಲ ಅಂತ ನನಗೆ ಸಂಕಟ.

"ಇದೆಲ್ಲ ಬ್ಯಾಡ, ನನ್ನ ತಮ್ಮ ಕೋಟೇಲಿ ಭೋಗ್ಯಕ್ಕೆ ಒಂದು ಮನೆ ಐತೆ ಅಂತವ್ನೆ" ಅಂದಳು. ಮೂರು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲ. ಕೇಳಲು ಹಿತ. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು, ಅವರು ಕಂತು ಕಟ್ಟದೆ ಮನೆ ಹರಾಜಿಗೆ ಬಂದರೆ ಮೂರು ಲಕ್ಷಕ್ಕೆ ಯಾರ ಮುಂದೆ ನಿಲ್ಲುತ್ತೀಯ? ಮೊದಲು ಮನೆಯ ಮೇಲೆ ಸಾಲವಿದೆಯೇ ಅಂತ ನೋಡಲು ಇ.ಸಿ. (ಋಣಭಾರ ಪತ್ರ) ತೆಗೆಸು, ಆಮೇಲೆ ಕರಾರನ್ನು ನೋಂದಾಯಿಸು, ಇವೆರಡೂ ಇಲ್ಲದೆ ಕೈಯಿಂದ ಒಂದು ರೂಪಾಯಿ ಬಿಡಬೇಡ ಅಂದೆ. ಆಕೆ ತಲೆಯಾಡಿಸಿದಳು.

"ನೀವೇ ಒಂದ್ಮಾತು ಬಂದು ಹೇಳಿ ಮೇಷ್ಟ್ರೆ."

ಸಂಜೆ ಮೂವರೂ ಹೋದೆವು, ಆಕೆ, ಆಕೆಯ ಗಂಡ, ನಾನು. ಜಗಳಕ್ಕೆ ಹೋದದ್ದಲ್ಲ. ಓನರ್ ಅವರು ನನಗಿಂತ ಎರಡು ವರ್ಷಕ್ಕೆ ಕಿರಿಯರು; ಮಗಳ ಬಾಣಂತನ, ಮಗನ ಕಾಲೇಜು ಫೀಸು, ಅವರಿಗೂ ತಾಪತ್ರಯವಿದೆ. ಐದು ವರ್ಷದಿಂದ ಒಂದು ಪೈಸೆ ಏರಿಸಿಲ್ಲ ಅಂದರು, ಅದೂ ನಿಜ. ರೆಸಾರ್ಟಿನ ಹುಡುಗರು ಆರು ತಿಂಗಳಿಗೆ ಒಂದು ಮನೆ ಬದಲಾಯಿಸುತ್ತಾರೆ, ನಡುವೆ ಎರಡು ತಿಂಗಳು ಬೀಗ ಬಿದ್ದರೆ ನಿಮ್ಮ ಹೆಚ್ಚುವರಿ ಹಣ ಅಲ್ಲೇ ಹೋಯಿತಲ್ಲ ಅಂದೆ. ರಸೀದಿಯ ಮಾತು ಬಂದಾಗ ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು ಕೂತರು. ಫಾರಂ ಏಳರಲ್ಲಿ ಅವರ ಚಿಕ್ಕಪ್ಪನ ಮೂರು ಎಕರೆ ಹೋಗಿತ್ತಂತೆ. ನಮ್ಮಪ್ಪನ ಎರಡು ಎಕರೆಯ ಕಥೆಯನ್ನು ನಾನೂ ಹೇಳಿದೆ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಅವರ ಹೆಂಡತಿಯೇ ಒಳಗಿನಿಂದ ಹಳೆಯ ಕರಾರು ಪತ್ರ ತಂದು ಟೀಪಾಯಿಯ ಮೇಲಿಟ್ಟರು.

ನಾಲ್ಕು ಸಾವಿರದ ಏಳುನೂರಕ್ಕೆ ಒಪ್ಪಿಗೆಯಾಯಿತು, ಎರಡು ತಿಂಗಳು ಬಿಟ್ಟು. ಹೊಸ ಕರಾರಿನಲ್ಲಿ ಅಡ್ವಾನ್ಸಿನ ಮೂವತ್ತು ಸಾವಿರ, ಮುಂದಿನ ಸಲ ನೂರಕ್ಕೆ ಎಷ್ಟು ಏರಿಸುವುದು, ಬಿಡಬೇಕಾದರೂ ಬಿಡಿಸಬೇಕಾದರೂ ಯಾರೇ ಆಗಲಿ ಎರಡು ತಿಂಗಳ ಮೊದಲು ತಿಳಿಸುವುದು, ಇವನ್ನು ನಾನೇ ಬರೆದೆ. ಅಕ್ಷರ ಈಗ ಮೊದಲಿನಷ್ಟು ದುಂಡಗಿಲ್ಲ. ಎರಡು ಪ್ರತಿ ಮಾಡಿದೆ, ಒಂದು ಆಕೆಯ ಕೈಗೆ.

ಇವತ್ತು ಬೆಳಗ್ಗೆ ಬೇಲಿಯ ಹತ್ತಿರ ಆಕೆಯೇ ಕಾದು ನಿಂತಿದ್ದಳು.

"ಮೇಷ್ಟ್ರೆ, ನಿಮ್ಮ ಹಳೇ ಸೈಕಲ್ಲಿಂದು ಒಂದು ಕಡ್ಡಿ ಇದ್ರೆ ಕೊಡ್ತೀರಾ?"

ಹಿತ್ತಲಿನ ಚಕ್ರದಿಂದ ಒಂದು ಕಡ್ಡಿ ಬಿಚ್ಚಿ, ತುದಿ ಬಗ್ಗಿಸಿ ಕೊಟ್ಟೆ. ಮಿಷಿನ್ನಿನ ಪಕ್ಕದ ಮೊಳೆಗೆ ಅದನ್ನು ನೇತುಹಾಕಿ, ಓನರ್ ಕೊಟ್ಟ ಈ ತಿಂಗಳ ಬಾಡಿಗೆ ರಸೀದಿಯ ಚೀಟಿಯನ್ನು ನಡುವಿಗೆ ಸರಿಯಾಗಿ ನೋಡಿ ಚುಚ್ಚಿದಳು. ಆಮೇಲೆ ಬಾಗಿಲಿಗೆ ಬಂದು, "ಐದು ವರ್ಷದ್ದು ಹೋಯ್ತಲ್ಲ ಮೇಷ್ಟ್ರೆ, ಅದನ್ನೂ ಬರ್ಕೊಡಿ ಅಂತ ಕೇಳಬೌದಾ?" ಅಂದಳು.