ಮರೆಯುವುದಕ್ಕೂ ಮಾಶೂಲು

ಪುಕ್ಕಟೆ ಆನ್‌ಲೈನ್ ಗೇಮ್‌ಗಳನ್ನು ಲೋಕಕ್ಕೆ ಕರುಣಿಸಿರುವ ಕಂಪನಿಗಳ ಮಾಲೀಕರಿಗೆ, ಬೆಂಗಳೂರಿನ ವಿಜಯನಗರದ ಪಿ.ಜಿ.ಯೊಂದರಿಂದ ಐಎಎಸ್ ಆಕಾಂಕ್ಷಿಯ ನಮಸ್ಕಾರಗಳು.

ವಿಷಯ: ಕಲಿತ ವಿದ್ಯೆ ಮರೆತು ಪಾಯಿಂಟ್ ವಾಪಸ್ ಪಡೆಯುವ ಸ್ಕಿಲ್ ರೀಸೆಟ್‌ನ ಶುಲ್ಕ.

ಮಾನ್ಯರೇ,

ತಮ್ಮ ಔದಾರ್ಯ ದೊಡ್ಡದು. ಡೌನ್‌ಲೋಡ್ ಪುಕ್ಕಟೆ, ಕತ್ತಿ ಪುಕ್ಕಟೆ, ತಪ್ಪು ಮಾಡುವುದೂ ಪುಕ್ಕಟೆ. ತಿದ್ದಿಕೊಳ್ಳುತ್ತೇನೆ ಅಂದಾಗ ಮಾತ್ರ ದುಡ್ಡು ಕೊಟ್ಟು ಕೊಳ್ಳಬೇಕಾದ ಜೆಮ್ಸ್ ಕೇಳುತ್ತೀರಿ. ನನ್ನ ಮಂತ್ರವಾದಿಗೆ ಇದ್ದಬದ್ದ ಪಾಯಿಂಟನ್ನೆಲ್ಲ ಬೆಂಕಿಯ ವಿದ್ಯೆಗೇ ಸುರಿದಿದ್ದೆ. ಒಂದು ಬೆಳಗ್ಗೆ ತಾವು ಅಪ್‌ಡೇಟ್ ಬಿಟ್ಟಿರಿ. ಸಮತೋಲನಕ್ಕಾಗಿ ಬೆಂಕಿಯ ಕಾವನ್ನು ಅರ್ಧ ಮಾಡಿದಿರಂತೆ. ಈಗ ಅವನು ರಾಕ್ಷಸರ ಬೀಡಿ ಹಚ್ಚಿಕೊಡಲು ಲಾಯಕ್ಕು. ಕೆಡಿಸಿದವರು ತಾವು, ರಿಪೇರಿ ಖರ್ಚು ನನ್ನದು.

ಆ ಜೆಮ್ಸ್ ಪ್ಯಾಕುಗಳ ಲೆಕ್ಕವೂ ಸೊಗಸು. ರೀಸೆಟ್ಟಿಗೆ ಬೇಕಾದಷ್ಟೇ ಜೆಮ್ಸ್ ಇರುವ ಪ್ಯಾಕ್ ಇಲ್ಲ: ಒಂದು ಸ್ವಲ್ಪ ಸಾಲದು, ಇನ್ನೊಂದು ಬಹಳ ಹೆಚ್ಚು. ಚಿಲ್ಲರೆ ಇಲ್ಲವೆಂದು ಚಾಕೊಲೇಟ್ ಕೈಗಿಡುವ ನಮ್ಮ ಕಿರಾಣಿ ಅಂಗಡಿಯವರು ತಮ್ಮ ಮುಂದೆ ಪಾಪದವರು.

ಹಿಂದಿನವರು ಕ್ರೂರಿಗಳಾಗಿದ್ದರು, ನಿಜ. 2000ದಲ್ಲಿ ಬಂದ ‘ಡಯಾಬ್ಲೊ 2’ರಲ್ಲಿ 2010ರವರೆಗೂ ರೀಸೆಟ್ ಎಂಬುದೇ ಇರಲಿಲ್ಲ, ಎಡವಿದರೆ ಹೊಸ ಪಾತ್ರವನ್ನೇ ಮೊದಲಿಂದ ಬೆಳೆಸಬೇಕಿತ್ತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಒಂದು ಕಾಲಕ್ಕೆ ರೀಸೆಟ್ ದರವನ್ನು ಒಂದು ಚಿನ್ನದ ನಾಣ್ಯದಿಂದ ಶುರುಮಾಡಿ 50ರವರೆಗೆ ಏರಿಸುತ್ತಿತ್ತು. ಆದರೆ ಆ ಚಿನ್ನ ಆಟದೊಳಗೇ ದುಡಿದದ್ದು, ಅಪ್ಪನ ಅಕೌಂಟಿನದಲ್ಲ. ತಮ್ಮ ಹಾಗೆಯೇ ಪುಕ್ಕಟೆಯಾದ ‘ಪಾತ್ ಆಫ್ ಎಕ್ಸೈಲ್’ನಲ್ಲಿ ಕೂಡ ಪಾಯಿಂಟ್ ಹಿಂಪಡೆಯಲು ಬಳಸುವ ‘ಆರ್ಬ್ ಆಫ್ ರಿಗ್ರೆಟ್’ ಸತ್ತ ರಾಕ್ಷಸರಿಂದಲೇ ಸಿಗುತ್ತದೆ.

ಅದಿರಲಿ, ತಮಗಿಂತ ಕಠಿಣವಾದ ಗೇಮೊಂದು ನಮ್ಮ ಏರಿಯಾದಲ್ಲಿದೆ. ಅತ್ತಿಗುಪ್ಪೆ ಮೆಟ್ರೋ ಇಳಿದು ಚಂದ್ರಾ ಲೇಔಟ್ ಕಡೆ ನಡೆದರೆ ಕೋಚಿಂಗ್ ಸೆಂಟರುಗಳ ಬೋರ್ಡುಗಳೇ ದಾರಿ ತೋರಿಸುತ್ತವೆ. ಐಎಎಸ್ ಪರೀಕ್ಷೆ ಬರೆಯಲು ಯುಪಿಎಸ್‌ಸಿ ಸಾಮಾನ್ಯ ವರ್ಗಕ್ಕೆ ಕೊಟ್ಟಿರುವುದು 6 ಜೀವ. 32 ವರ್ಷ ತುಂಬಿದರೆ ಆಟ ಮುಗಿಯಿತು. ಆದರೂ ಈ ವರ್ಷ ಇತಿಹಾಸ, ಮುಂದಿನ ವರ್ಷ ಕನ್ನಡ ಸಾಹಿತ್ಯ ಅಂತ ಐಚ್ಛಿಕ ವಿಷಯ ಬದಲಿಸಿದರೆ ಆಯೋಗ ಒಂದು ಪೈಸೆ ಹೆಚ್ಚು ಕೇಳುವುದಿಲ್ಲ. ಪ್ರಿಲಿಮ್ಸ್ ಅರ್ಜಿಗೆ ಅದೇ 100 ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. (ಬದಲಿಸಿದ ವಿಷಯಕ್ಕೆ ಪೂರ್ತಿ ಫೀಸು ಮತ್ತೆ ಕೀಳುವ ಕೋಚಿಂಗಿನವರು ತಮ್ಮ ಮಾನಸ ಪುತ್ರರು, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.)

ಇನ್ನೂ ಕೇಳಿ. 2011ರಲ್ಲಿ ಪ್ರಿಲಿಮ್ಸ್‌ಗೆ ಸಿ-ಸ್ಯಾಟ್ ಎಂಬ ಅಭಿಕ್ಷಮತೆ ಪತ್ರಿಕೆಯ ಅಪ್‌ಡೇಟ್ ಬಂತು. ಹಳೇ ಪದ್ಧತಿಗೆ ತಯಾರಾದವರ ಬೆಂಕಿ ಆರಿಹೋಯಿತು. 2014ರಲ್ಲಿ ಅದರ ವಿರುದ್ಧ ಹುಡುಗರು ಬೀದಿಗಿಳಿದ ಮೇಲೆ, 2011ರಲ್ಲಿ ಪರೀಕ್ಷೆ ಬರೆದಿದ್ದವರಿಗೆ 2015ರಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ಅದಕ್ಕೆ ಜೆಮ್ಸ್ ಕೇಳಲಿಲ್ಲ. ಕಡತ ಅಲುಗಾಡಲೂ ವರ್ಷ ಹಿಡಿಯುವ ಭಾರತ ಸರ್ಕಾರಕ್ಕೆ ಇಷ್ಟು ದಾಕ್ಷಿಣ್ಯ ಇದ್ದರೆ, ರಾತ್ರೋರಾತ್ರಿ ಅಪ್‌ಡೇಟ್ ಬಿಡುವ ತಮಗೆ ಎಷ್ಟಿರಬೇಡ? ತಾವೇ ನಿಯಮ ಬದಲಿಸಿದ ಮರುದಿನ ಎಲ್ಲರಿಗೂ ಒಂದು ರೀಸೆಟ್ ಬಿಟ್ಟಿ ಕೊಡಿ, ಕೇಳುತ್ತಿರುವುದು ಇಷ್ಟೇ.

ಅದಕ್ಕೂ ಮನಸ್ಸಿಲ್ಲದಿದ್ದರೆ ವ್ಯಾಪಾರದ ಒಂದು ಸಲಹೆ. ನಮ್ಮ ಪಿ.ಜಿ.ಯಲ್ಲಿ ನಾಲ್ಕು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಈಗ ಹೊಯ್ಸಳರ ವಂಶಾವಳಿ ಉರು ಹೊಡೆಯುತ್ತಿರುವವರಿದ್ದಾರೆ. ಅವರಿಗೊಂದು ಡಿಗ್ರಿ ರೀಸೆಟ್ ಪ್ಯಾಕ್ ಬಿಡಿ. ದರ ಎಷ್ಟಾದರೂ ಇರಲಿ. ಟೆಸ್ಟ್ ಸೀರೀಸ್ ಫೀಸು ಅಂತ ಊರಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಧೇಯ,
ಕಾವು ಕಳೆದುಕೊಂಡ ಮಂತ್ರವಾದಿ