ದರವೃದ್ಧಿ ಮೀಮಾಂಸೆ

ರೈಲಿನ ದರ ಏರಿಕೆಯ ಬಗ್ಗೆ ಈವರೆಗೆ ಬರೆದವರು ಹೆಚ್ಚಾಗಿ ಅರ್ಥಶಾಸ್ತ್ರಜ್ಞರು. ಹಾಗಾಗಿ ಆ ಬರಹಗಳಲ್ಲಿ ಆದಾಯ ಸಿಗುತ್ತದೆ, ವೆಚ್ಚ ಸಿಗುತ್ತದೆ, ಪ್ರಯಾಣಿಕ ಮಾತ್ರ ಸಿಗುವುದಿಲ್ಲ. ಈ ಕೊರತೆ ನೀಗಿಸಲು ಹುಟ್ಟಿದ್ದು ದರವೃದ್ಧಿ ಮೀಮಾಂಸೆ. ಸೂತ್ರ, ವೃತ್ತಿ, ಪ್ರಯೋಗ ಎಂಬ ಹಳೆಯ ಕ್ರಮದಲ್ಲೇ ಈ ಶಾಸ್ತ್ರವೂ ಸಾಗುತ್ತದೆ. ಓದುವವರು ನಿಂತೇ ಓದಬಹುದು, ಸೀಟು ಖಾತರಿಯಿಲ್ಲ.

ಪ್ರಥಮ ಸೂತ್ರ: ಸಿಟ್ಟು ಹೋದ ಹಣದಷ್ಟಲ್ಲ, ಕಂಡ ಹಣದಷ್ಟು.

ವೃತ್ತಿ. 2025ರ ಜುಲೈ 1ರಂದು ಭಾರತೀಯ ರೈಲ್ವೆ ದರ ಏರಿಸಿತು. ಸಾಮಾನ್ಯ ಎರಡನೇ ದರ್ಜೆಯಲ್ಲಿ 500 ಕಿ.ಮೀ. ದಾಟಿದ ಪ್ರಯಾಣಕ್ಕೆ ಕಿ.ಮೀ.ಗೆ ಅರ್ಧ ಪೈಸೆ, ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಎ.ಸಿ.ರಹಿತ ದರ್ಜೆಗೆ ಒಂದು ಪೈಸೆ, ಎ.ಸಿ.ಗೆ ಎರಡು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೇ ನಿಂತಿತ್ತು. ಹದಿನಾಲ್ಕು ವರ್ಷ ಹಿಂದೆ ತೀರಿಕೊಂಡ ನಾಣ್ಯವನ್ನು ಕರೆಸಿ, ಅದರಲ್ಲೂ ಅರ್ಧಕ್ಕೆ ಕತ್ತರಿಸಿ, ದರಪಟ್ಟಿಯಲ್ಲಿ ಕೂರಿಸಲಾಯಿತು. ಇಲ್ಲದ ನಾಣ್ಯದ ಮೇಲೆ ಸಿಟ್ಟಾಗುವುದು ಹೇಗೆ? ಆದರೆ ಕೌಂಟರಿನಲ್ಲಿ 501ರಿಂದ 1,500 ಕಿ.ಮೀ.ವರೆಗಿನ ಸಾಮಾನ್ಯ ಟಿಕೆಟ್ಟಿಗೆ ಐದು ರೂಪಾಯಿ ಹೆಚ್ಚಿತು. ವೈಯಾಕರಣರು ಇದನ್ನು ಗಮನಿಸಬೇಕು. ಮೇಲಿನಿಂದ ಆದೇಶ ಬಂತು, ಪೈಸೆ ಲೋಪವಾಯಿತು, ಐದು ರೂಪಾಯಿ ಆಗಮವಾಯಿತು. ಕನ್ನಡದ ಮೂರೂ ಸಂಧಿಗಳಿಗೆ ಒಂದೇ ಟಿಕೆಟ್ಟಿನಲ್ಲಿ ಉದಾಹರಣೆ ಸಿಗುವುದು ಅಪರೂಪ.

ಪ್ರಯೋಗ. ಅದೇ ವರ್ಷ ಡಿಸೆಂಬರ್ 26ರಂದು ಮತ್ತೊಂದು ಏರಿಕೆ ಬಂತು. ಆಗಲೂ ಪೈಸೆಯ ಲೆಕ್ಕವೇ. ಎ.ಸಿ. ಇಲ್ಲದ ಬೋಗಿಯಲ್ಲಿ 500 ಕಿ.ಮೀ. ಹೋದವನಿಗೆ ಹತ್ತು ರೂಪಾಯಿ. ಆತ ಪ್ಲಾಟ್‌ಫಾರ್ಮಿನಲ್ಲಿ ಚಹಾದ ರುಚಿಯ ಬಗ್ಗೆ ಜಗಳವಾಡಿದನೇ ಹೊರತು ದರದ ಬಗ್ಗೆ ಅಲ್ಲ.

ಪ್ರತಿ-ಪ್ರಯೋಗ ಬೆಂಗಳೂರಿನ ನಮ್ಮ ಮೆಟ್ರೊದ್ದು. 2025ರ ಫೆಬ್ರುವರಿ 9, ಭಾನುವಾರ, ಹೊಸ ದರ ಜಾರಿಗೆ ಬಂತು. ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟವರಿಗೆ ವಿಷಯ ಅರಿವಾದದ್ದು ಹೊರಹೋಗುವ ಗೇಟಿನಲ್ಲಿ. ಕಾರ್ಡ್ ತಾಗಿಸಿದೊಡನೆ ಪುಟ್ಟ ಪರದೆಯ ಮೇಲೆ ಕಡಿತವಾದ ಹಣ, ಉಳಿದ ಹಣ ಮೂಡುತ್ತದೆ. ಅಂದು ಅದನ್ನು ಎರಡು ಸಲ ಓದಲು ಜನ ಅಲ್ಲೇ ನಿಂತರು. ಹಿಂದಿನವರು ‘ಮುಂದೆ ಹೋಗಿ ಸಾರ್’ ಎಂದು ಗದರಿ, ತಮ್ಮ ಸರದಿ ಬಂದಾಗ ತಾವೂ ನಿಂತರು. ‘ಎಷ್ಟು ಕಟ್ ಆಯ್ತು ಗುರು?’ ಎಂಬುದು ಆ ವಾರದ ಕುಶಲಪ್ರಶ್ನೆ. ಮೆಟ್ರೊ ನಿಗಮ ಸರಾಸರಿಯ ಲೆಕ್ಕ ಕೊಟ್ಟಿತು. ಆದರೆ ಸರಾಸರಿಯಲ್ಲಿ ಯಾರೂ ಪ್ರಯಾಣ ಮಾಡುವುದಿಲ್ಲ, ಮೆಜೆಸ್ಟಿಕ್‌ನಿಂದ ತಮ್ಮ ಸ್ಟೇಷನ್ನಿಗೆ ಮಾಡುತ್ತಾರೆ. ಕೆಲವು ಕಡೆ ದರ ದುಪ್ಪಟ್ಟಾಗಿತ್ತು.

ಐದು ದಿನ ಕಳೆದು, ಯಾವ ಏರಿಕೆಯೂ ಶೇ 71 ಮೀರದಂತೆ ದರ ಇಳಿಸಲಾಯಿತು. ದುಪ್ಪಟ್ಟಿನ ಬಿಸಿ ತಾಗಿದವನಿಗೆ ಶೇ 71 ರಿಯಾಯಿತಿಯಂತೆ ಕಂಡದ್ದನ್ನು ಈ ಶಾಸ್ತ್ರ ‘ಇಳಿಕೆಯ ಮಾಯೆ’ ಎಂದು ಕರೆಯುತ್ತದೆ. 2014ರಲ್ಲೂ ಹೀಗೇ ಆಗಿತ್ತು. ಡಿ.ವಿ. ಸದಾನಂದ ಗೌಡರು ರೈಲ್ವೆ ಸಚಿವರಾಗಿದ್ದಾಗ ಪ್ರಯಾಣ ದರ ಶೇ 14.2ರಷ್ಟು ಏರಿತು. ಮುಂಬೈ ಲೋಕಲ್‌ನವರು ಗುಲ್ಲೆಬ್ಬಿಸಿದ್ದೇ ತಡ, ಅವರಿಗೆ ಸಡಿಲಿಕೆ ಸಿಕ್ಕಿತು. ದಿನಾ ಒಂದೇ ಬೋಗಿಯಲ್ಲಿ, ಒಂದೇ ಗೆಳೆಯರೊಂದಿಗೆ ನೇತಾಡುವವರ ಸಿಟ್ಟಿಗೆ ಸಂಘಟನೆ ಬೇಕಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗುವವನ ಸಿಟ್ಟು ಅರಸೀಕೆರೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತದೆ.

ದ್ವಿತೀಯ ಸೂತ್ರ: ದರ ಏರಿಸಿದವರು ಯಾರೂ ಅಲ್ಲ.

ಮೆಟ್ರೊ ದರ ನಿಗದಿಗೆ 2002ರ ಕಾಯ್ದೆಯಡಿ ಸಮಿತಿಯೊಂದು ಇರಬೇಕು. ಹಾಲಿ ಅಥವಾ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಅಧ್ಯಕ್ಷರು, ಕೇಂದ್ರದಿಂದ ಒಬ್ಬರು, ರಾಜ್ಯದಿಂದ ಒಬ್ಬರು. ಶಿಫಾರಸನ್ನು ಮೆಟ್ರೊ ಆಡಳಿತ ಪಾಲಿಸಲೇಬೇಕು. ಇಂಥ ಸುಂದರ ವಾಸ್ತುವಿನಲ್ಲಿ ತಪ್ಪು ಎಲ್ಲೂ ತಂಗುವುದಿಲ್ಲ. ರಾಜ್ಯ ಕೇಂದ್ರವನ್ನು ತೋರಿಸಿತು, ಕೇಂದ್ರದ ಆಡಳಿತ ಪಕ್ಷದವರು ರಾಜ್ಯವನ್ನು ತೋರಿಸಿದರು, ನಿಗಮ ಸಮಿತಿಯನ್ನು ತೋರಿಸಿತು. ಪ್ರಯಾಣಿಕ ಕಾರ್ಡ್ ತೋರಿಸಿದ.

‘ಏರಿಸಿದ್ದು ನಾನೇ’ ಎಂದು ಧೈರ್ಯವಾಗಿ ನಿಂತವರೂ ಇದ್ದಾರೆ. 2012ರ ಮಾರ್ಚ್ 14ರಂದು ಆಗಿನ ರೈಲ್ವೆ ಸಚಿವ ದಿನೇಶ್ ತ್ರಿವೇದಿ ಬಜೆಟ್‌ನಲ್ಲಿ ಕಿ.ಮೀ.ಗೆ 2ರಿಂದ 30 ಪೈಸೆ ಏರಿಸಿದರು. ಪ್ರಯಾಣಿಕರಿಗಿಂತ ಮೊದಲು ಸಿಟ್ಟಾದವರು ಅವರದೇ ಪಕ್ಷದ ನಾಯಕಿ ಮಮತಾ ಬ್ಯಾನರ್ಜಿ. ವಾರದೊಳಗೆ ತ್ರಿವೇದಿ ಸಚಿವರಾಗಿ ಉಳಿಯಲಿಲ್ಲ, ಅವರ ಹಿಂದೆಯೇ ಏರಿಕೆಯ ಬಹುಪಾಲೂ ಉಳಿಯಲಿಲ್ಲ. ಆದರೆ 2016ರಲ್ಲಿ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಫ್ಲೆಕ್ಸಿ ದರ ಬಂತು. ಶೇ 10ರಷ್ಟು ಸೀಟು ಭರ್ತಿಯಾದಂತೆಲ್ಲ ಮೂಲ ದರ ಶೇ 10ರಷ್ಟು ಏರಿ, ಒಂದೂವರೆ ಪಟ್ಟಿನವರೆಗೆ ಹೋಗುವ ವ್ಯವಸ್ಥೆ. ಯಾರ ಕುರ್ಚಿಯೂ ಅಲುಗಲಿಲ್ಲ. ಇಲ್ಲಿ ಏರಿಸಿದವರು ಮುಂಚೆ ಬುಕ್ ಮಾಡಿದ ಸಹಪ್ರಯಾಣಿಕರು!

ಇನ್ನು ರೈಲು ಟಿಕೆಟ್ಟಿನ ಮೇಲೆ ಅಚ್ಚಾಗುವ ಉಪದೇಶ. ಪ್ರಯಾಣದ ವೆಚ್ಚದಲ್ಲಿ ರೈಲ್ವೆಗೆ ಸರಾಸರಿ ಶೇ 57 ಮಾತ್ರ ವಾಪಸಾಗುತ್ತದೆ, ಉಳಿದದ್ದನ್ನು ದೇಶದ ಜನಸಾಮಾನ್ಯರು ಹೊರುತ್ತಾರೆ ಎಂಬುದು ಅದರ ತಾತ್ಪರ್ಯ. ಜನರಲ್ ಬೋಗಿಯಲ್ಲಿ ಶೌಚಾಲಯದ ಬಾಗಿಲ ಬಳಿ ಟವೆಲ್ ಹಾಸಿ ಕೂತವನು ಇದನ್ನು ಓದಿ ಜನಸಾಮಾನ್ಯನಿಗೆ ಋಣಿಯಾಗಬೇಕು. ಆ ಜನಸಾಮಾನ್ಯ ಯಾವ ಬೋಗಿಯಲ್ಲಿದ್ದಾನೆ ಎಂಬುದು ಸಂಶೋಧನೆಗೆ ತೆರೆದಿರುವ ಕ್ಷೇತ್ರ.

ಕೊನೆಗೆ ತುಲನಾತ್ಮಕ ಅಧ್ಯಯನ. ಬ್ರಿಟನ್ನಿನಲ್ಲಿ ಸರ್ಕಾರಿ ನಿಯಂತ್ರಣದ ರೈಲು ದರಗಳು ಹಿಂದಿನ ಜುಲೈನ ಹಣದುಬ್ಬರಕ್ಕೆ ಗಂಟುಬಿದ್ದು, ಬಹುಕಾಲ ಪ್ರತಿ ಜನವರಿಯಲ್ಲಿ ಏರುತ್ತಿದ್ದವು. ಅಲ್ಲಿನವರು ಡಿಸೆಂಬರ್ ಕೊನೆಯಲ್ಲಿ ಹಳೆ ದರಕ್ಕೆ ವಾರ್ಷಿಕ ಪಾಸ್ ಕೊಂಡು, ವರ್ಷದ ಮೊದಲ ಕೆಲಸದ ದಿನ ಸ್ಟೇಷನ್ ಮುಂದೆ ಫಲಕ ಹಿಡಿದು ಪ್ರತಿಭಟಿಸುತ್ತಿದ್ದರು. 2025ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಇಂಗ್ಲೆಂಡಿನ ಮಟ್ಟಿಗೆ ಒಂದು ವರ್ಷ ದರ ಏರಿಸುವುದಿಲ್ಲವೆಂದಿತು. ಮೂವತ್ತು ವರ್ಷಗಳಲ್ಲಿ ಇದೇ ಮೊದಲು. ಬೆಂಗಳೂರಿನ ಮೆಟ್ರೊ ದರ ಸಮಿತಿಯಾದರೋ ಇನ್ನು ಮುಂದೆ ವರ್ಷವರ್ಷವೂ ಶೇ 5ರ ಮಿತಿಯಲ್ಲಿ ದರ ತಾನಾಗಿಯೇ ಪರಿಷ್ಕರಣೆಯಾಗಲಿ ಎಂದು ಶಿಫಾರಸು ಮಾಡಿದೆ. ಆದ್ದರಿಂದ ಒಂಟಿಕೊಪ್ಪಲ್ ಪಂಚಾಂಗದವರು ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಸಾಲಿನ ಜಾಗ ಖಾಲಿ ಬಿಟ್ಟುಕೊಂಡರೆ, ಗೇಟಿನ ಮುಂದೆ ನಿಂತು ಓದುವವರಿಂದ ಸರದಿ ಕಟ್ಟುವುದಾದರೂ ತಪ್ಪುತ್ತದೆ.